ಪತ್ರ ಬಂದದೆ ಮಾಸ್ತರೆ

ಮುರುಗಲ ಹಣ್ಣುಗಳನ್ನು ಹೋಳು ಮಾಡಿ, ಬೀಜ ಒಂದು ಪಾತ್ರೆಗೆ, ಸಿಪ್ಪೆ ಒಂದು ಮೊರಕ್ಕೆ ಹಾಕಿ, ಸಿಪ್ಪೆಗೆ ಉಪ್ಪು ಸವರುತ್ತ ಜಗಲಿಯಲ್ಲಿ ಕೂತಿದ್ದೆ. ಇನ್ನು ಎಂಟು ದಿನ ಇದೇ ಬಿಸಿಲು ಸಿಕ್ಕಿದರೆ ವರ್ಷದ ಸಾರಿಗೆ ಚಿಂತೆಯಿಲ್ಲ, ಮಳೆ ಒಂದೆಂಟು ದಿನ ತಡೆದು ಬರಲಿ ತಾಯಿ ಎಂದು ಮನಸ್ಸಿನಲ್ಲೇ ಕೇಳಿಕೊಳ್ಳುತ್ತಿದ್ದೆ. ನಮ್ಮನೆಯವರು ಕೈಗಾದ ಬಸ್ಸಿಳಿದು ಬಂದರು. ಚಪ್ಪಲಿ ಬಿಡುತ್ತ, ಪೇಟೆಯಲ್ಲಿ ಇವತ್ತು ಬಂಗಡೆ ಇರಲಿಲ್ಲ ಎಂದು ಹೇಳುವ ದನಿಯಲ್ಲೇ, "ಮಾಸ್ತರ್ರು ಹೋದ್ರಂತೆ. ಆಯ್ತು, ನಾಲ್ಕ್ ದಿನ ಆಯ್ತಂತೆ" ಎಂದರು.

ಕೈ ಎರಡೂ ಮುರುಗಲ ರಸದಲ್ಲಿ ಕೆಂಪಾಗಿದ್ದವು. ಹಣೆ ಚಚ್ಚಿಕೊಳ್ಳಲಿಕ್ಕೂ ಬಾರದ ಹಾಗೆ ಹಾಗೇ ಎತ್ತಿ ಹಿಡಿದುಕೊಂಡು ಕೂತೆ. ನಾಲ್ಕು ದಿನ! ಬಂದ ಸುದ್ದಿ ಬಂದ ದಿನವೇ ತಲುಪಬೇಕು ಎಂಬ ಒಂದೇ ಹಠದಲ್ಲಿ ನೌಕರಿ ಮಾಡಿದ ಮನುಷ್ಯ. ಅವರ ಸಾವಿನ ಸುದ್ದಿ ನನಗೆ ತಲುಪಿದ್ದು ಹೀಗೆ, ಬಸ್ಸಿನಲ್ಲಿ ಯಾರೋ ಯಾರಿಗೋ ಹೇಳಿ. ಆಮೇಲೆ ಕೈ ತೊಳೆದು ಫೋನು ತೆಗೆದು ನೋಡಿದರೆ, ನಮ್ಮ ಓಣಿಯವರ ವಾಟ್ಸಾಪ್ ಗುಂಪಿನಲ್ಲಿ ಅವತ್ತೇ ಹಾಕಿದ್ದಾರೆ. ಮೇಲೆ ಒಂದಿಷ್ಟು ಶುಭೋದಯದ ಗುಲಾಬಿ, ಕೆಳಗೆ ಒಂದಿಷ್ಟು ಶುಭೋದಯದ ಗುಲಾಬಿ, ನಡುವೆ ಮಾಸ್ತರು. ಗುಲಾಬಿ ನೋಡಿ ನೋಡಿ ಬೇಸತ್ತು ನಾನು ಆ ಗುಂಪನ್ನು ತೆರೆಯುವುದನ್ನೇ ಬಿಟ್ಟು ತಿಂಗಳಾಗಿತ್ತು.

ಅವರು ಯಾವ ಶಾಲೆಯಲ್ಲೂ ಕಲಿಸಿದವರಲ್ಲ. ಅಂಕೋಲೆಯ ಒಂದು ಚಿಕ್ಕ ಧರ್ಮಾರ್ಥ ಆಸ್ಪತ್ರೆಯಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಕೆಲಸ. ಅಮದಳ್ಳಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ ಬಾಡಿಗೆಗಿದ್ದರು. ಕನ್ನಡಕ ಹಾಕಿಕೊಂಡು, ಬಿಸಿಲಿಗೂ ಮಳೆಗೂ ಒಂದೇ ಕರಿಯ ಕೊಡೆ ಹಿಡಿದು, ಎದುರಿಗಿದ್ದವರ ಮಾತಿನಲ್ಲಿ ಎಲ್ಲಿ ತಪ್ಪಿದೆ ಎಂದು ಹುಡುಕುವ ಮುಖ ಮಾಡಿದರೆ ನಮ್ಮೂರಲ್ಲಿ ಯಾರು ಬೇಕಾದರೂ ಮಾಸ್ತರಾಗಬಹುದು. ಅವರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಮಾಸ್ತರು ನನ್ನನ್ನು ನಮ್ಮ ಕಡೆಯ ಪದ್ಧತಿಯಂತೆ ವೈನಿ ಎನ್ನುತ್ತಿದ್ದರು. ಅತ್ತಿಗೆಯಾದ್ದರಿಂದ ಗೌರವವೂ ಕೊಡಬೇಕು, ಒಂದೆರಡು ಕೊಂಕು ಮಾತೂ ತಡೆದುಕೊಳ್ಳಬೇಕು. ಅವರು ಎರಡನ್ನೂ ಮಾಡುತ್ತಿದ್ದರು.

ಕಂಪ್ಯೂಟರ್ ಮನುಷ್ಯನ ಜೇಬಿನಲ್ಲಿ ಒತ್ತುವ ಗುಂಡಿಗಳ ಹಳೇ ಫೋನು. ಅದರ ಬೆನ್ನಿನ ಮುಚ್ಚಳ ಬಿದ್ದುಹೋಗದಂತೆ ರಬ್ಬರ್ ಬ್ಯಾಂಡು. ದೊಡ್ಡ ಫೋನು ಯಾಕೆ ಇಟ್ಟುಕೊಂಡಿಲ್ಲ ಎಂದು ನಮ್ಮನೆಯವರು ಒಮ್ಮೆ ಕೇಳಿದ್ದಕ್ಕೆ, ಅದರೊಳಗೆ ಎಷ್ಟು ಬಾಗಿಲುಗಳಿವೆ ಎಂದು ತಮಗೆ ಗೊತ್ತಿದೆ, ಗೊತ್ತಿದ್ದವರು ಇಟ್ಟುಕೊಳ್ಳುವುದಿಲ್ಲ ಎಂದಿದ್ದರು. ಸರಿ, ಇಷ್ಟು ಜಾಗ್ರತೆಯವರಲ್ಲವೇ, ಮನೆಗೆ ಎಂಥೆಂಥ ಬೀಗ ಹಾಕಿಯಾರು ಅಂದುಕೊಂಡರೆ ಅವರ ಹಿತ್ತಿಲ ಬಾಗಿಲಿಗೆ ಚಿಲಕವೇ ಇರಲಿಲ್ಲ. ಮುರಿದು ಎಷ್ಟೋ ಕಾಲವಾಗಿ, ಕತ್ತದ ಹಗ್ಗವೊಂದನ್ನು ಮೊಳೆಗೆ ಸುತ್ತಿ ಬಿಡುತ್ತಿದ್ದರು. ಅಕ್ಕ ಪಾತ್ರೆ ತೊಳೆಯುತ್ತ ನನಗೆ ಕೇಳಲೆಂದೇ ಗಟ್ಟಿಯಾಗಿ ಹೇಳುವರು: "ಆಸ್ಪತ್ರೆಗೆ ಹನ್ನೆರಡು ಬೀಗ. ನಮ್ಮನೆಗೆ ಒಂದು ಹಗ್ಗ. ಹಾಲು ಕುಡದು ಹೋಗೂ ಬೆಕ್ಕಿಗೆ ಓದುಕ್ಕೆ ಬರೂದಿಲ್ಲ, ಹಂಗಾಗಿ ಇವ್ರಿಗೆ ಅದ್ರ ಹೆದ್ರಿಕೆ ಇಲ್ಲ."

ಆ ಹನ್ನೆರಡು ಬೀಗ ಎಂದರೆ ಒಂದು ಪೆಟ್ಟಿಗೆ. ಉಂಡೆ ತುಂಬಿಡುವ ಚಪ್ಪಟೆ ಡಬ್ಬಿಯಷ್ಟೇ ಇದೆ, ಆಸ್ಪತ್ರೆಯ ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಇಟ್ಟಿದ್ದೇವೆ, ಮೈತುಂಬ ಹಸಿರು ದೀಪ ಎಂದು ಅವರೇ ವರ್ಣಿಸಿದ್ದರು. ಫೈರ್‌ವಾಲ್ ಎಂದು ಅದರ ಹೆಸರು. ಹೊರಗಿನ ಇಂಟರ್ನೆಟ್ಟು ಆಸ್ಪತ್ರೆಯ ಒಳಗೆ ಬರುವುದು ಆ ಪೆಟ್ಟಿಗೆಯನ್ನು ದಾಟಿಯೇ. ಯಾರನ್ನು ಬಿಡಬೇಕು, ಯಾರನ್ನು ಬಿಡಬಾರದು ಎಂದು ಅದು ನೋಡುತ್ತದೆ. ಒಳಗೆ ರೋಗಿಗಳ ಕಾಗದಗಳು, ಯಾರಿಗೆ ಯಾವ ರಕ್ತ, ಯಾರಿಗೆ ಯಾವ ಔಷಧ ಆಗಿಬರುವುದಿಲ್ಲ ಎಂಬುದೆಲ್ಲ ಇದೆ. ಅದನ್ನು ಕಳ್ಳರು ಯಾಕೆ ಕದಿಯುತ್ತಾರೆ ಎಂದು ನಾನು ಕೇಳಿದೆ. ಕದಿಯುವುದಿಲ್ಲ, ಬೀಗ ಜಡಿದು ಹೋಗುತ್ತಾರೆ, ಆಮೇಲೆ ನಾವು ಬೀಗ ತೆಗೆಸಲು ಅವರ ಕಾಲು ಹಿಡಿಯಬೇಕು ಎಂದರು.

ನನಗೆ ಅರ್ಥವಾದದ್ದು ನನ್ನ ಅಡುಗೆಮನೆಯ ಲೆಕ್ಕದಲ್ಲಿ. ಬೆಲ್ಲದ ಡಬ್ಬಿಯ ಸುತ್ತ ಅರಿಶಿನ ಎಳೆಯುತ್ತೇವೆ. ಇರುವೆ ಎರಡು ದಿನ ಬರುವುದಿಲ್ಲ. ಮೂರನೇ ದಿನ ಮಾಡಿನಿಂದ ನೂಲು ಹಿಡಿದಂತೆ ಇಳಿದು ಬರುತ್ತದೆ. ಆಗ ಡಬ್ಬಿಯನ್ನು ನೀರಿನ ತಟ್ಟೆಯಲ್ಲಿ ಇಡುತ್ತೇವೆ. ಮತ್ತೆರಡು ದಿನಕ್ಕೆ ಒಂದು ಒಣ ಎಲೆ ನೀರಿಗೆ ಬಿದ್ದು ಅದೇ ಸೇತುವೆಯಾಗುತ್ತದೆ. ಇದನ್ನು ಹೇಳಿದಾಗ ಮಾಸ್ತರು ಕನ್ನಡಕ ತೆಗೆದು ಒರೆಸಿಕೊಂಡರು. ಅವರಲ್ಲಿ ಅದು ಮೆಚ್ಚುಗೆ. ಇರುವೆ ಹೊಸ ದಾರಿ ಹುಡುಕಿದಾಗಲೆಲ್ಲ ಪೆಟ್ಟಿಗೆ ಮಾಡಿದ ಕಂಪನಿಯವರು ಅದನ್ನು ಮುಚ್ಚುವ ಉಪಾಯ ತಯಾರಿಸಿ, ತಯಾರಾಗಿದೆ, ತೆಗೆದುಕೊಳ್ಳಿ ಎಂದು ಒಂದು ಸೂಚನೆ ಕಳಿಸುತ್ತಾರಂತೆ. ಮೇಲ್‌ನಲ್ಲಿ ಬರುತ್ತದೆ. ಮಾಸ್ತರು ಅದನ್ನು ಸೂಚನೆ ಎನ್ನುತ್ತಿರಲಿಲ್ಲ, ಅಪ್‌ಡೇಟ್ ಎನ್ನುತ್ತಿರಲಿಲ್ಲ. ಪತ್ರ ಎನ್ನುತ್ತಿದ್ದರು. ಮಾವನ ಮನೆಯಿಂದ ಬಂದಹಾಗೆ.

ಬಂದ ಉಪಾಯವನ್ನು ಪೆಟ್ಟಿಗೆ ತಾನೇ ತೆಗೆದುಕೊಳ್ಳುವ ಹಾಗೂ ಮಾಡಬಹುದಂತೆ. ಮೊದಲು ಹಾಗೇ ಇತ್ತು. ಒಂದು ಸೋಮವಾರ, ಹೊರರೋಗಿಗಳ ಸಾಲು ಗೇಟಿನವರೆಗೆ ನಿಂತಿರುವಾಗ ಪೆಟ್ಟಿಗೆ ಉಪಾಯ ನುಂಗಿ ಕಣ್ಣು ಮುಚ್ಚಿಕೊಂಡಿತು. ಕಾಲು ಗಂಟೆ ಎಲ್ಲ ಕಂಪ್ಯೂಟರೂ ಸ್ತಬ್ಧ. ಡಾಕ್ಟರು ಕೂಗಾಡಿದರು, ಕೌಂಟರಿನವರು ಚೀಟಿ ಬರೆಯುವುದನ್ನು ಮರೆತುಹೋಗಿದ್ದರು, ಟ್ರಸ್ಟಿನ ಹಿರಿಯರೊಬ್ಬರು ತಮ್ಮ ರಕ್ತದೊತ್ತಡ ತೋರಿಸಲಿಕ್ಕೆ ಬಂದು ಅಲ್ಲೇ ಅದನ್ನು ಏರಿಸಿಕೊಂಡರು. ಅಂದಿನಿಂದ ಆಜ್ಞೆಯಾಯಿತು: ತಾನಾಗಿ ಏನೂ ಆಗಕೂಡದು. ಪತ್ರ ಬರಲಿ, ಮಾಸ್ತರು ನೋಡಲಿ, ಸಾಲಿಲ್ಲದ ಹೊತ್ತಿನಲ್ಲಿ ಬಂದು ಮಾಡಲಿ.

ಪತ್ರ ಬರುತ್ತಿದ್ದದ್ದು ಆಸ್ಪತ್ರೆಯ ಮ್ಯಾನೇಜರರ ಮೇಲ್ ಪೆಟ್ಟಿಗೆಗೆ. ಅದು ಎಂಥ ಪೆಟ್ಟಿಗೆ ಎಂದರೆ, ಓದದ ಮೇಲುಗಳ ಸಂಖ್ಯೆ ತೋರಿಸುವ ಜಾಗ ಸಾಲದೆ ಅದೇ ಎಣಿಸುವುದನ್ನು ಬಿಟ್ಟಿತ್ತು ಎಂದು ಮಾಸ್ತರು ಹೇಳುತ್ತಿದ್ದರು. ಮ್ಯಾನೇಜರರು ಕೆಟ್ಟವರಲ್ಲ. ಬಂದದ್ದು ಬಂದಲ್ಲೇ ಇರುತ್ತದಲ್ಲ, ಓಡಿಹೋಗುವುದಿಲ್ಲವಲ್ಲ ಎಂದು ನಂಬಿದವರು. ಅವರಿಗೆ ಹೊರಗಿನ ಒಂದು ಏಜೆನ್ಸಿಯವರು ಚೆಂದದ ಪುಸ್ತಕ ತಂದು ತೋರಿಸಿಹೋಗಿದ್ದರು: ಪೆಟ್ಟಿಗೆ ನಮಗೆ ಬಿಡಿ, ನೀವು ನಿಶ್ಚಿಂತೆಯಿಂದಿರಿ. ಮಾಸ್ತರು ಟ್ರಸ್ಟಿನವರ ಮುಂದೆ ನಿಂತು, ಬಂದ ಪತ್ರ ಬಂದ ದಿನವೇ ನೋಡುತ್ತೇನೆ, ದಿನಾಂಕ ಬರೆದು ರಿಜಿಸ್ಟರ್ ಇಡುತ್ತೇನೆ, ಒಂದು ಸಲ ತಪ್ಪಿದರೆ ಪೆಟ್ಟಿಗೆಯನ್ನು ಏಜೆನ್ಸಿಗೆ ಕೊಡಿ ಎಂದು ಮಾತು ಕೊಟ್ಟು ಬಂದರು. ಅಕ್ಕ ಅವತ್ತು ಪಾತ್ರೆ ಬಹಳ ಸದ್ದು ಮಾಡಿ ತೊಳೆದರು. ಆ ಪೆಟ್ಟಿಗೆ ಬಿಟ್ಟರೆ ಆಸ್ಪತ್ರೆಯಲ್ಲಿ ಅವರಿಗೆ ಬೇರೆ ಹೆಮ್ಮೆಯೇ ಇರಲಿಲ್ಲ ಎಂಬುದು ಅಕ್ಕನಿಗೆ ಗೊತ್ತಿತ್ತು.

ಮಾತು ಕೊಟ್ಟಾಯಿತು, ಮ್ಯಾನೇಜರರ ಮೇಲ್ ಪೆಟ್ಟಿಗೆಯನ್ನು ಇನ್ನೊಬ್ಬರು ತೆರೆಯುವಂತಿಲ್ಲ, ಪತ್ರ ನೋಡಲಿಕ್ಕೆ ದೊಡ್ಡ ಫೋನು ಬೇಕಲ್ಲ. ಕೊಂಡರೂ ಪ್ರಯೋಜನವಿರಲಿಲ್ಲ. ಅವರ ಮನೆ ಗುಡ್ಡದ ಮರೆಗಿತ್ತು, ನೆಟ್‌ವರ್ಕ್ ನಮ್ಮ ಕಾಂಪೌಂಡಿನ ಚಿರೇಕಲ್ಲಿನವರೆಗೆ ಬಂದು ನಿಲ್ಲುತ್ತಿತ್ತು. ನಮ್ಮ ಮನೆಯಲ್ಲೂ ಅದು ಪೂರ್ತಿ ಸಿಗುತ್ತಿದ್ದದ್ದು ದೇವರ ಕೋಣೆಯ ಕಿಟಕಿಯಲ್ಲಿ ಮಾತ್ರ. ಹಾಗಾಗಿ ನನ್ನ ಫೋನು ಹಗಲಿರುಳು ಚಾರ್ಜರಿಗೆ ಸಿಕ್ಕಿಸಿಕೊಂಡೇ ಆ ಕಿಟಕಿಯ ಕಟ್ಟೆಯ ಮೇಲೆ, ಗಣಪತಿಗೂ ಗಂಧದ ಕಲ್ಲಿಗೂ ನಡುವೆ ಇರುತ್ತಿತ್ತು. ಒಂದು ಸಂಜೆ ಮಾಸ್ತರು ಕಾಂಪೌಂಡಿನ ಆಚೆ ನಿಂತು ಬಹಳ ಹೊತ್ತು ಕೊಡೆ ಬಿಚ್ಚಿ ಮಡಚಿ ಮಾಡಿ, ಕಡೆಗೆ ಹೇಳಿದರು.

"ವೈನಿ, ಪತ್ರ ನಿಮ್ಮ ಫೋನಿಗೆ ಬರೂಹಾಂಗೆ ಮಾಡ್ತೆ. ಬಂದ್ರೆ ನನ್ಗೊಂದು ಕರೀರಿ. ಅಷ್ಟೇ."

ನನಗೆ ಕಂಪ್ಯೂಟರು ಗೊತ್ತಿಲ್ಲ ಎಂದೆ. ಇಂಗ್ಲಿಷು ಪಿಯುಸಿಗೇ ಮುಗಿದಿದೆ ಎಂದೆ. ಇಷ್ಟು ದೊಡ್ಡ ಆಸ್ಪತ್ರೆಯಲ್ಲಿ ಓದಿದವರು ಯಾರೂ ಸಿಗಲಿಲ್ಲವೇ ಎಂದೂ ಕೇಳಿದೆ.

"ಓದಿದವ್ರು ಸಿಕ್ರು. ಓದೂವವ್ರು ಸಿಗ್ಲಿಲ್ಲ. ನೀವು ಸಂಜೆ ದೀಪ ತಪ್ಸಿದ್ದು ನಾ ಇಷ್ಟು ವರ್ಷದಲ್ಲಿ ನೋಡ್ಲಿಲ್ಲ. ಶೇಂಗಾ ಕಟ್ಟಿ ಕೊಟ್ಟ ಕಾಗದಾನೂ ಪೂರ್ತಿ ಓದಿ ಆಮೇಲೆ ಒಲೆಗೆ ಹಾಕ್ತ್ರಿ."

ಹೊಗಳಿಕೆಯೋ ಕುಚೋದ್ಯವೋ ಗೊತ್ತಾಗಲಿಲ್ಲ. ಒಪ್ಪಿಕೊಂಡೆ. ಮರುದಿನವೇ ಒಂದು ಮೇಲ್ ಬಂತು, ಕನ್ನಡದಲ್ಲಿ. ಇದು ಪರೀಕ್ಷೆಯ ಪತ್ರ, ಕೊನೆಯ ಸಾಲಿನವರೆಗೆ ಓದಿದರೆ ಹಿತ್ತಿಲಿಗೆ ಬಂದು ಎರಡು ಸಲ ಕೆಮ್ಮಿರಿ ಎಂದು ಇತ್ತು. ನಾನು ಬಟ್ಟೆ ಒಣಹಾಕುವ ನೆವದಲ್ಲಿ ಹೋಗಿ ಎರಡು ಸಲ ಕೆಮ್ಮಿದೆ. ಆಚೆಯಿಂದ ಅಕ್ಕ, ಶುಂಠಿ ಕಷಾಯ ಮಾಡಿಕೊಡಲೇ ಎಂದರು. ಮಾಸ್ತರು ಮಾತ್ರ ಪಾಸು ಮಾಡಿದ ಮುಖದಲ್ಲಿ ಹಲ್ಲುಜ್ಜುತ್ತಿದ್ದರು.

ಹೀಗೆ ಅಂಕೋಲೆಯ ಒಂದು ಆಸ್ಪತ್ರೆಯ ಕಾವಲು ಅಮದಳ್ಳಿಯ ಗಣಪತಿಯ ಪಕ್ಕಕ್ಕೆ ಬಂತು. ಪತ್ರ ತಿಂಗಳಿಗೊಂದೋ ಎರಡು ತಿಂಗಳಿಗೊಂದೋ ಬರುತ್ತಿತ್ತು. ಉದ್ದನೆಯ ಇಂಗ್ಲಿಷು. ಮೂರು ಸಂಗತಿ ನೋಡಿದರೆ ಸಾಕು ಎಂದು ಹೇಳಿಕೊಟ್ಟಿದ್ದರು: ಚುಕ್ಕೆ ಚುಕ್ಕೆಯ ಅಂಕಿ, ದಿನಾಂಕ, ಕೆಂಪು ಅಕ್ಷರ ಇದೆಯೋ ಇಲ್ಲವೋ. ನಾನು ಮೂರನ್ನೂ ಕ್ಯಾಲೆಂಡರಿನ ಬೆನ್ನಿಗೆ ಬರೆದು, ಉಳಿದದ್ದನ್ನೂ ಅಕ್ಷರ ಕೂಡಿಸಿ ಓದಿ, ಕಾಂಪೌಂಡಿಗೆ ಹೋಗಿ ಕೂಗುತ್ತಿದ್ದೆ: "ಪತ್ರ ಬಂದದೆ ಮಾಸ್ತರೆ." ಅರ್ಧ ಗಡ್ಡ ಸೋಪಿನಲ್ಲಿದ್ದರೂ ಹಾಗೇ ಬರುತ್ತಿದ್ದರು. ಅಂಕಿ ಹೇಳಿದರೆ ತಲೆ ಆಡಿಸುವರು. ಕೆಂಪು ಅಕ್ಷರ ಇದೆ ಎಂದರೆ ಉಳಿದರ್ಧ ಗಡ್ಡ ಬಿಟ್ಟು ಬಸ್ಸಿಗೆ ಓಡುವರು. ಕೆಂಪಿಲ್ಲದಿದ್ದರೆ ಭಾನುವಾರ ಬೆಳಗ್ಗೆ, ಊರೆಲ್ಲ ಮೀನು ಪೇಟೆಗೆ ಹೋಗುವ ಹೊತ್ತಿಗೆ, ಇವರು ಕೊಡೆ ಹಿಡಿದು ಅಂಕೋಲೆಗೆ. ನಮ್ಮನೆಯವರು ಚಹಾ ಕುಡಿಯುತ್ತ, ತಾನು ಇಷ್ಟು ವರ್ಷ ಕೈಗಾದಲ್ಲಿ ದುಡಿದರೂ ಇಷ್ಟು ಜವಾಬ್ದಾರಿಯ ಹುದ್ದೆ ಸಿಗಲಿಲ್ಲ, ನಿನಗೆ ಕೂತಲ್ಲೇ ಸಿಕ್ಕಿತು ಎಂದು ಚುಡಾಯಿಸುತ್ತಿದ್ದರು.

ಮೊದಲನೇ ಪತ್ರ ಬಂದ ದಿನ ನಾನು ಸಂಭ್ರಮದಲ್ಲಿ, ಅಂತೂ ಬಂತಲ್ಲ, ದೇವರ ದಯೆ, ಆಸ್ಪತ್ರೆ ಉಳಿಯಿತು ಎಂದಿದ್ದೆ. ಅವರು ಕೊಡೆಯ ತುದಿಯಿಂದ ನೆಲಕ್ಕೆ ಕುಟ್ಟಿ ಹೇಳಿದರು. "ಬಂತು ಅಂದ್ರೆ ಆಯ್ತು ಹೇಳಿ ಅಲ್ಲ ವೈನಿ. ಅಕ್ಕಿ ಮನೆಗೆ ಬಂದ್ರೆ ಊಟ ಆಯ್ತಾ?"

ದೇವಸ್ಥಾನಕ್ಕೆ ಹೋಗುವ ಪೈಕಿಯವರಲ್ಲ. ನಾನು ಪ್ರಸಾದ ಕೊಟ್ಟರೆ ಮಾತ್ರ ತಕರಾರಿಲ್ಲದೆ ತೆಗೆದುಕೊಂಡು, ಹೂವನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡು, ಹಾಗೇ ಮರೆತು ಆಸ್ಪತ್ರೆಗೂ ಹೋಗಿಬಿಡುವರು. ನೀವು ದೇವರನ್ನು ನಂಬುತ್ತೀರೋ ಇಲ್ಲವೋ ಎಂದು ಒಮ್ಮೆ ನೇರವಾಗಿ ಕೇಳಿದೆ. ತಮಗೆ ಅಪ್‌ಡೇಟ್ ಬಂದಿಲ್ಲ ಎಂದರು. ಇಂಥವರಿಗೆ ನರಕವಾದರೂ ಎಲ್ಲಿ ಕೊಡುತ್ತಾರೆ ಹೇಳಿ!

ಎಲ್ಲ ಸರಿಯಾಗಿಯೇ ನಡೆದಿತ್ತು. ನಾಲ್ಕು ವರ್ಷದ ಹಿಂದೆ ಅಂಕೋಲೆಯಲ್ಲಿ ನಮ್ಮನೆಯವರ ದೊಡ್ಡಪ್ಪ ತೀರಿಹೋದರು. ಬೆಳಗ್ಗೆ ಒಲೆಯ ಮುಂದಿದ್ದೆ, ಸುದ್ದಿ ಬಂತು. ಸುದ್ದಿ ಕಿವಿಗೆ ಬಿದ್ದ ಗಳಿಗೆಯಿಂದ ನಮಗೆ ಹತ್ತು ದಿನ ಸೂತಕ. ದೇವರ ಕೋಣೆಯ ಹೊಸಿಲು ದಾಟುವ ಹಾಗಿಲ್ಲ. ಬೇರೆ ಮನೆತನದವರು ಬಂದು ದೀಪ ಹಚ್ಚಬೇಕು. ಅಕ್ಕನನ್ನು ಕರೆದು ಕೀಲಿ ಕೊಟ್ಟೆ, ಎಣ್ಣೆ ಎಲ್ಲಿದೆ, ಬತ್ತಿ ಎಲ್ಲಿದೆ ಎಂದು ಹೊರಗಿನಿಂದಲೇ ತೋರಿಸಿದೆ, ಗಂಡನ ಹಿಂದೆ ಬಸ್ಸು ಹತ್ತಿದೆ. ಫೋನು ಒಳಗೆ ಕಿಟಕಿಯ ಕಟ್ಟೆಯ ಮೇಲಿತ್ತು. ನೆನಪಾಗಲಿಲ್ಲ ಎಂದರೆ ಸುಳ್ಳು. ದಾರಿಯಲ್ಲಿ, ಅವರ್ಸೆ ಊರಿನ ಹತ್ತಿರ ನೆನಪಾಯಿತು. ದೇವರ ಪಕ್ಕದಲ್ಲಿದ್ದದ್ದನ್ನು ಸೂತಕದ ಕೈಯಲ್ಲಿ ಹೇಗೂ ಮುಟ್ಟುವಂತಿರಲಿಲ್ಲ, ಪತ್ರ ಮೊನ್ನೆ ಮೊನ್ನೆ ಬಂದುಹೋಗಿದೆ, ಹತ್ತು ದಿನದೊಳಗೆ ಮತ್ತೆ ಬರಲಿಕ್ಕಿಲ್ಲ ಎಂದು ಸಮಾಧಾನ ಮಾಡಿಕೊಂಡೆ. ಸಾವಿನ ಮನೆಯಲ್ಲಿ ಜನ, ಅಡುಗೆ, ಅಳು. ಅದೂ ಮರೆತುಹೋಯಿತು.

ಎಂಟನೇ ದಿನ ಮಾಸ್ತರು ಮಾತಾಡಿಸಿಕೊಂಡು ಹೋಗಲು ಬಂದರು, ಆಸ್ಪತ್ರೆಯಿಂದಲೇ, ಎರಡು ಎಳನೀರು ಹಿಡಿದು. ಅವರ ಮುಖ ಕಂಡದ್ದೇ ನನಗೆ ಪತ್ರ ನೆನಪಾಯಿತು. ಫೋನು ದೇವರ ಕೋಣೆಯಲ್ಲೇ ಉಳಿದಿದೆ, ಎಂಟು ದಿನದಿಂದ ನಾನು ನೋಡಿಲ್ಲ ಎಂದು ಅಲ್ಲೇ ಅಂಗಳದಲ್ಲಿ ಹೇಳಿಬಿಟ್ಟೆ. ಫೋನನ್ನು ನಾನು ಜೊತೆಗೇ ತಂದಿದ್ದೇನೆ, ಪತ್ರ ಬಾರದ್ದರಿಂದ ಕರೆದಿಲ್ಲ ಎಂದೇ ಅವರು ತಿಳಿದಿದ್ದರು. "ಇರ್ಲಿ ಬಿಡ್ರಿ ವೈನಿ. ನಾ ನೋಡ್ಕಳ್ತೆ" ಎಂದವರು ದೊಡ್ಡಮ್ಮನಿಗೆ ಕೈಮುಗಿದು, ಕೊಡೆಯನ್ನು ಅಲ್ಲೇ ಬಿಟ್ಟು ಹೊರಟುಹೋದರು. ಕೊಡೆ ಬಿಟ್ಟು ಹೋದದ್ದನ್ನು ನಾನು ಮೊದಲ ಸಲ ನೋಡಿದ್ದು.

ಸೂತಕ ಕಳೆದು ಮನೆಗೆ ಬಂದು, ತಲೆಗೆ ನೀರು ಹಾಕಿಕೊಂಡು, ದೇವರ ಕೋಣೆಗೆ ಕಾಲಿಟ್ಟರೆ ಎಲ್ಲ ಲಕ್ಷಣವಾಗಿತ್ತು. ಅಕ್ಕ ದಿನವೂ ನಮ್ಮ ಹಿತ್ತಿಲ ದಾಸವಾಳ ಕೊಯ್ದು ಒಂದೊಂದು ಮೂರ್ತಿಗೂ ಇಟ್ಟಿದ್ದರು. ಗಣಪತಿಗೊಂದು, ದೇವಿಗೊಂದು, ಗಂಧದ ಕಲ್ಲಿಗೊಂದು. ಫೋನಿಗೂ ಒಂದು. ದೇವರ ಸಾಲಿನಲ್ಲಿದ್ದದ್ದನ್ನು ಒಂದನ್ನೇ ಬಿಡುವುದು ಸರಿಯಲ್ಲ ಎಂದು ಅವರಿಗೆ ಕಂಡಿತ್ತು. ದಿನಕ್ಕೊಂದರಂತೆ ಇಟ್ಟ ಹೂವಿನ ಬಣ್ಣ ಗಾಜಿಗೆ ಅಂಟಿ ಅದು ನೀಲಿಯಾಗಿತ್ತು. ಒರೆಸಿ, ತೆರೆದು ನೋಡಿದೆ. ಹೊಸ ಪತ್ರ ಇರಲಿಲ್ಲ. ಆದರೂ ಕಾಂಪೌಂಡಿಗೆ ಓಡಿ ಮಾಸ್ತರನ್ನು ಕೇಳಿದೆ.

"ಎಂತದೂ ಬರ್ಲಿಲ್ಲ. ನಿಮ್ಮ ದೇವ್ರು ತಡದು ಹಿಡದಾನೆ" ಎಂದರು.

ದೇವರ ವಿಷಯಕ್ಕೆ ಅವರು ತಾವಾಗಿ ಒಳ್ಳೇ ಮಾತಾಡಿದ್ದು ಅದೊಂದೇ ಸಲ. ನನಗೆ ಕಣ್ಣಲ್ಲಿ ನೀರು ಬಂತು. ನಮ್ಮ ಮನೆಯಲ್ಲಿ ಸೂತಕ ಎಂದು ತಿಳಿದು, ಎಲ್ಲೋ ದೂರದೇಶದ ಕಂಪನಿಯವರ ಕೈಯನ್ನೂ ದೇವಿ ಹತ್ತು ದಿನ ಹಿಡಿದು ನಿಲ್ಲಿಸಿದಳಲ್ಲ! ನನ್ನ ಬದುಕಿನಲ್ಲಿ ನಾನು ಎಣಿಸಿಟ್ಟುಕೊಂಡ ಚಿಕ್ಕ ಚಿಕ್ಕ ದಯೆಗಳಲ್ಲಿ ಇದಕ್ಕೆ ಮೇಲಿನ ಜಾಗ ಕೊಟ್ಟೆ. ಶುಕ್ರವಾರ ದೇವಿಗೆ ಕಾಯಿ ಒಡೆಸಿ, ಒಂದು ಹೋಳು ಮಾಸ್ತರಿಗೂ ಕೊಟ್ಟೆ. ಕಾಯಿ ಸಿಹಿಯಿದೆ ಎಂದು ಪೂರ್ತಿ ತಿಂದರು.

ತಿಂಗಳೊಳಗೆ ಅವರ ಕೈಯಿಂದ ಪೆಟ್ಟಿಗೆ ಹೋಯಿತು. ಏಜೆನ್ಸಿ ಬಂತು. ಮಾಸ್ತರನ್ನು ಸ್ಟೋರಿಗೆ ಹಾಕಿದರು, ಹೊದಿಕೆ, ದಿಂಬಿನ ಚೀಲ, ಸ್ಯಾನಿಟೈಸರ್ ಬಾಟಲಿಗಳ ಉಸ್ತುವಾರಿಗೆ. ಯಾಕೆ ಎಂದು ಕೇಳಿದರೆ, ಮೇಲಿನವರ ತೀರ್ಮಾನ, ಈಗ ಎಲ್ಲ ಕಡೆ ಹಾಗೇ ಎಂದರು. ನನ್ನ ಫೋನು ಇಸಿದುಕೊಂಡು ಪತ್ರ ಬರುವ ವ್ಯವಸ್ಥೆಯನ್ನು ತಾವೇ ತೆಗೆದರು. ಇಷ್ಟು ವರ್ಷ ಸಂಬಳವಿಲ್ಲದೆ ಕಾದದ್ದಕ್ಕೆ ಆಸ್ಪತ್ರೆಯಿಂದ ಒಂದು ಶಾಲು ಹೊದೆಸಿದ್ದರೆ ಆಗುತ್ತಿತ್ತು ಎಂದು ನಾನು ತಮಾಷೆ ಮಾಡಿದೆ. ಶಾಲು ಈಗ ತಮ್ಮದೇ ಸ್ಟೋರಿನಲ್ಲಿದೆ, ಅರ್ಜಿ ಕೊಡಿ ಎಂದರು. ಏಜೆನ್ಸಿಯವರಿಗೆ ಪತ್ರ ಎಲ್ಲಿ ಬರುತ್ತದೆ ಎಂದು ಕೇಳಿದ್ದಕ್ಕೆ ಮಾತ್ರ ತುಸು ನಕ್ಕರು. ಏಜೆನ್ಸಿಯವರು ನೋಡಿ, ಮುಂದಿನ ಕ್ರಮಕ್ಕಾಗಿ ಮ್ಯಾನೇಜರರ ಮೇಲ್ ಪೆಟ್ಟಿಗೆಗೆ ಕಳಿಸುತ್ತಾರಂತೆ.

ಒಂದೂವರೆ ವರ್ಷ ಹೊದಿಕೆ ಮಡಚಿ ನಿವೃತ್ತರಾದರು. ಮನೆ ಬಿಟ್ಟು ಅಂಕೋಲೆಯಲ್ಲಿ, ಅಕ್ಕನ ತವರಿನ ಹತ್ತಿರ ಚಿಕ್ಕ ಮನೆ ಮಾಡಿದರು. ಅಷ್ಟರ ಮೇಲೆ ನಾನು ನೋಡಿದ್ದು ಮೂರೋ ನಾಲ್ಕೋ ಸಲ, ಪೇಟೆಯಲ್ಲಿ, ಕೊಡೆಯಡಿಯಲ್ಲಿ.

ಸುದ್ದಿ ತಿಳಿದ ಮರುದಿನ, ಮನೆಯಲ್ಲಿ ಉದ್ದು ಅಕ್ಕಿ ನೆನೆಹಾಕಿ, ಅಂಕೋಲೆಗೆ ಹೋದೆ. ಅಕ್ಕ ಗೋಡೆಗೆ ಒರಗಿ ಕೂತಿದ್ದರು. ಎರಡೂ ಕಣ್ಣಿಗೆ ಪೊರೆ ಬಂದು, ಮುಖ ತೀರ ಹತ್ತಿರ ತಂದು ನನ್ನನ್ನು ಗುರುತು ಹಿಡಿದರು. ಆಪರೇಷನ್ ಈ ಮಳೆಗಾಲ ಮುಗಿಯಲಿ ಎಂದು ಅವರೇ ಮುಂದೆ ಹಾಕಿದ್ದರಂತೆ. ಮಾಸ್ತರು ಬೆಳಗ್ಗೆ ಚಹಾ ಕುಡಿದು, ಪೇಪರು ಕೊನೆಯ ಪುಟದವರೆಗೆ ಓದಿ, ಮಡಚಿಟ್ಟು, ಹಾಗೇ ಕುರ್ಚಿಯಲ್ಲಿ ಹೋದರು ಎಂದರು. ಅತ್ತದ್ದು ಅತ್ತಾಯಿತು. ಆಮೇಲೆ ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡು, ಬೇರೆ ಯಾರೂ ಹತ್ತಿರ ಇಲ್ಲದ್ದು ಖಚಿತ ಮಾಡಿಕೊಂಡು, ದನಿ ತಗ್ಗಿಸಿದರು.

"ನಿಂಗೆ ಒಂದು ಕೇಳೂದಿತ್ತು. ನಾಕ್ ವರ್ಷದಿಂದ ಮನಸ್ಸಿಲ್ಲಿತ್ತು. ನಿಮ್ಮನೆ ಸೂತಕದಲ್ಲಿ ನಾ ದೀಪ ಹಚ್ಚಿದ್ನಲ್ಲ. ಅದಾಗಿ ತಿಂಗಳಿಗೇ ಇವ್ರ ಕೆಲಸ ಹೋಯ್ತು. ನಿಮ್ಮ ದೇವ್ರಿಗೆ ನಂದೆಂತಾದ್ರೂ ತಪ್ಪಾಯ್ತೋ ಹೇಳಿ. ಕೇಳಿದ್ರೆ ಇವ್ರು ಬೈತಿದ್ರು."

ಏನೂ ತಪ್ಪಾಗಿರಲಿಲ್ಲ, ಎಷ್ಟು ಚೆಂದ ನೋಡಿಕೊಂಡಿದ್ದಿರಿ ಎಂದೆ. ಅಕ್ಕನಿಗೆ ಸಮಾಧಾನವಾಗಲಿಲ್ಲ. ಮಧ್ಯದಲ್ಲಿ ಒಂದು ದಿನ ಫೋನಿಗೆ ಬೆಳಕು ಬಂದು ಏನೋ ಸದ್ದಾಯಿತು, ಬೇರೆಯವರ ಫೋನನ್ನು ನೋಡುವುದು ಸರಿಯಲ್ಲ ಎಂದು ಅದರ ಮೇಲೆ ದೊಡ್ಡ ಹೂವನ್ನೇ ಹುಡುಕಿ ಇಟ್ಟಿದ್ದೆ, ಅಷ್ಟೇ ಎಂದರು. ಹೇಳುತ್ತ ಹೇಳುತ್ತ ದಿಂಬಿನ ಕೆಳಗಿನಿಂದ ಒಂದು ಮಡಚಿದ ಕಾಗದ ತೆಗೆದರು. ಮಾಸ್ತರು ಅದನ್ನು ನಿವೃತ್ತಿಯ ಕಾಗದಗಳ ಚೀಲದಲ್ಲಿ ಬೇರೆಯಾಗಿ ಇಟ್ಟಿದ್ದರಂತೆ. ಅಕ್ಷರ ಇರುವೆ ಹರಿದಂತೆ ಕಾಣುತ್ತದೆ, ಮನೆಗೆ ಬಂದವರ ಹತ್ತಿರ ಓದಿಸಲು ಮನಸ್ಸಾಗಲಿಲ್ಲ, ನೀನಾದರೆ ಪೂರ್ತಿ ಓದುವವಳು ಎಂದು ನನ್ನ ಕೈಗೆ ಕೊಟ್ಟರು.

ಆಸ್ಪತ್ರೆಯ ಮ್ಯಾನೇಜರರಿಗೆ ಮಾಸ್ತರು ಬರೆದ ಕಾಗದದ ಪ್ರತಿ. ಅವರದೇ ಗುಂಡು ಅಕ್ಷರ. ಫೈರ್‌ವಾಲಿನ ಹೊಸ ಅಪ್‌ಡೇಟ್ ಬಂದಿರುವ ಸೂಚನೆ ತಲುಪಿದ ಆರನೆಯ ದಿನ ತಾನು ಅದನ್ನು ನೋಡಿರುವುದಾಗಿಯೂ, ಅದೇ ಸಂಜೆ ಆಸ್ಪತ್ರೆಗೆ ಮರಳಿ ಬಂದು ಅಪ್‌ಡೇಟ್ ಮಾಡಿರುವುದಾಗಿಯೂ ಬರೆದಿದ್ದರು. ಪೆಟ್ಟಿಗೆಗಾಗಲಿ ರೋಗಿಗಳ ಕಾಗದಗಳಿಗಾಗಲಿ ಏನೂ ತೊಂದರೆಯಾಗಿಲ್ಲ. ಆದರೂ ಬಂದ ದಿನವೇ ನೋಡುತ್ತೇನೆಂದು ಕೊಟ್ಟ ಮಾತು ತಪ್ಪಿದೆ. ರಿಜಿಸ್ಟರಿನಲ್ಲಿ ನಿಜವಾದ ದಿನಾಂಕವನ್ನೇ ಬರೆದಿದ್ದೇನೆ. ಕೊನೆಯ ಸಾಲು: ಸೂಚನೆ ನೋಡುವ ಹೊಣೆ ನನ್ನೊಬ್ಬನದೇ ಆಗಿದ್ದು, ಇದರಲ್ಲಿ ಬೇರೆ ಯಾರ ಪಾಲೂ ಇರುವುದಿಲ್ಲ.

ರಿಜಿಸ್ಟರಿನಲ್ಲಿ ಬೇರೆ ದಿನಾಂಕ ಬರೆದಿದ್ದರೆ ಕೇಳುವವರು ಯಾರಿದ್ದರು? ಆ ಪತ್ರ ಬಂದದ್ದು ಎರಡೇ ಕಡೆ. ಒಂದು, ಮ್ಯಾನೇಜರರ ಮೇಲ್ ಪೆಟ್ಟಿಗೆ. ಅಲ್ಲಿ ಅದು ಇವತ್ತಿಗೂ ಸುರಕ್ಷಿತವಾಗಿದ್ದೀತು. ಇನ್ನೊಂದು, ದಾಸವಾಳದ ಕೆಳಗೆ. ಅಂಗಳದಲ್ಲಿ ಕೊಡೆ ಬಿಟ್ಟು ಹೋದ ದಿನವೇ, ಅಕ್ಕನ ಹತ್ತಿರವಿದ್ದ ಕೀಲಿಯಿಂದ ನಮ್ಮನೆ ತೆರೆದು, ಅಲ್ಲಿಂದ ಅವರು ತೆಗೆದು ನೋಡಿ ಅಳಿಸಿದ್ದರು. ಹೆಂಡತಿಗೆ ಹೂವಿನ ಮಾತು ಹೇಳಲಿಲ್ಲ. ನನಗೆ ಪತ್ರದ ಮಾತು ಹೇಳಲಿಲ್ಲ. ದೇವರ ಮೇಲೆ ಹೊರಿಸಿ, ನಾನು ಕೊಟ್ಟ ಕಾಯಿಯನ್ನೂ ತಿಂದರು. ದೇವಿ ತಡೆದು ಹಿಡಿದಳು ಎಂದು ನಾನು ನಾಲ್ಕು ವರ್ಷ ಎಲ್ಲರಿಗೂ ಹೇಳಿಕೊಂಡು ಬಂದ ದಯೆ ಹಿತ್ತಿಲಿಗೆ ಚಿಲಕವಿಲ್ಲದ ಒಬ್ಬ ಬಾಡಿಗೆಯವನದು. ದೇವಿಯೂ ಆ ಕಾಯಿ ತನ್ನದಲ್ಲ ಎನ್ನಲಿಲ್ಲ.

"ಎಂತ ಬರದಾರೆ?" ಅಕ್ಕ ಕೇಳಿದರು. ಕೈ ನನ್ನ ಮೊಣಕಾಲ ಮೇಲಿತ್ತು.

ನಾನು ಒಂದು ಸಾಲನ್ನು ಹುಡುಕಿ ಗಟ್ಟಿಯಾಗಿ ಓದಿದೆ. "ಪೆಟ್ಟಿಗೆಗಾಗಲಿ ರೋಗಿಗಳ ಕಾಗದಗಳಿಗಾಗಲಿ ಏನೂ ತೊಂದರೆಯಾಗಿಲ್ಲ."

"ಮತ್ತೆ?"

"ಅಷ್ಟೇ ಅಕ್ಕಾ. ಕೆಲಸ ಬಿಟ್ಟುಕೊಡೂವಾಗ ಎಲ್ಲ ಸರಿ ಇದ್ದಿತ್ತು ಹೇಳಿ ಬರದು ಕೊಟ್ಟಾರೆ."

"ಹಂಗಾರೆ ದೀಪದ್ದು, ಹೂವಿಂದು ಎಂತದೂ ಅಲ್ಲ?"

"ಎಂತದೂ ಅಲ್ಲ."

ಅಕ್ಕ ಬಹಳ ದಿನಗಳಿಂದ ಹಿಡಿದಿದ್ದ ಉಸಿರು ಬಿಟ್ಟಹಾಗೆ ಕಂಡಿತು. ಕಾಗದವನ್ನು ಮಡಿಕೆಯ ಮೇಲೆ ಮಡಿಕೆ ಹಾಕಿ ಚೀಲದಲ್ಲಿ ಸೇರಿಸಿದರು. ಅವರ ಕಣ್ಣಿಗೆ ಪೊರೆ ಬಂದದ್ದನ್ನೂ ನಾನು ಆ ಹೊತ್ತು ದಯೆಗಳ ಸಾಲಿಗೆ ಸೇರಿಸಿಕೊಂಡೆ, ದೇವರು ಕ್ಷಮಿಸಲಿ. ಪೊರೆ ತೆಗೆಸಿದ ಮೇಲೆ ಅವರು ಓದಿಯೇ ಓದುತ್ತಾರೆ. ಆಗ ನಾನು ಪಕ್ಕದಲ್ಲಿರಬೇಕು. ಮಳೆಗಾಲ ಮುಗಿಯುತ್ತಲೇ ಆಸ್ಪತ್ರೆಗೆ ಕರೆದೊಯ್ಯಲು ನಾನೇ ಬರುತ್ತೇನೆ, ನನ್ನನ್ನು ಬಿಟ್ಟು ಹೋಗಬೇಡಿ ಎಂದು ಎರಡು ಸಲ ಹೇಳಿ ಎದ್ದೆ.

ಬಸ್ಸಿನಲ್ಲಿ ನಿಂತೇ ಬಂದೆ. ಸಾವಿನ ಮನೆಯಿಂದ ಬಂದದ್ದು, ಹಿತ್ತಿಲಿನಿಂದಲೇ ಒಳಗೆ ಹೋಗಿ ಸ್ನಾನ ಮಾಡಿದೆ. ಬೆಳಗ್ಗೆ ನೆನೆಹಾಕಿದ ಉದ್ದು ಉಬ್ಬಿ ಪಾತ್ರೆಯ ಬಾಯಿಯವರೆಗೆ ಬಂದಿತ್ತು. ಇನ್ನು ತಡಮಾಡಿದರೆ ಹಳಸುತ್ತದೆ. ಎರಡು ನೀರಿನಲ್ಲಿ ತೊಳೆದು ರುಬ್ಬಲಿಕ್ಕೆ ಹಾಕಿದೆ.